ಕತ್ತರಿಸಬಾರದ ಮಾತ್ರೆ

ಜನವರಿ ೮

ಸೊಸೆಗೆ,

ಸರ್ಕಾರದ ಔಷಧ ಮಂಡಳಿಯವರು ಕೊಡುತ್ತೇವೆ ಎಂದದ್ದು: ಅರವತ್ತೈದು ದಾಟಿದವರಿಗೆಲ್ಲ ಡಾಕ್ಟರು ಬರೆದ ಔಷಧ ಕಾಲು ಬೆಲೆಗೆ. ಯಾವ ಮೆಡಿಕಲ್ ಸ್ಟೋರಿನಲ್ಲಾದರೂ. ಒಮ್ಮೆ ಬರೆಸಿದ ಚೀಟಿ ಆರು ತಿಂಗಳು ನಡೆಯುತ್ತದೆ. ಹೊಸ ಔಷಧ ಬಂದರೆ ಮೂರು ತಿಂಗಳೊಳಗೆ ಪಟ್ಟಿಗೆ ಸೇರುತ್ತದೆ.

ಕೊಟ್ಟದ್ದು: ಎರಡು ಬಸ್ಸು ಹತ್ತಿ ಹೋಗಬೇಕಾದ ಒಂದೇ ಒಂದು ಕೌಂಟರ್. ಸೋಮವಾರ, ಗುರುವಾರ, ಹತ್ತರಿಂದ ಒಂದರವರೆಗೆ. ಚೀಟಿ ತಿಂಗಳು ತಿಂಗಳೂ ಹೊಸದು ಬೇಕು, ಉಳಿತಾಯವೆಲ್ಲ ಡಾಕ್ಟರ ಫೀಸಿಗೆ.

ಇಲ್ಲ ಎಂದದ್ದು: ಹದಿನೆಂಟು ಔಷಧ. ಡಾಕ್ಟರುಗಳು ಈಗ ಬರೆಯುವುದೇ ಆ ಹದಿನೆಂಟನ್ನು.

ಇಲ್ಲ ಎಂದೂ ಹೇಳದೆ ಇಟ್ಟುಕೊಂಡದ್ದು: ಎರಡು ವರ್ಷದಲ್ಲಿ ನಾವು ಕೊಟ್ಟ ಹನ್ನೊಂದು ಅರ್ಜಿ.

ಇದು ನಮ್ಮ ಹಿರಿಯರ ಔಷಧ ಸಮಿತಿಯ ಕರಪತ್ರ. ಬರೆದವಳು ನಾನು, ಅಧ್ಯಕ್ಷೆಯೂ ನಾನೇ. ನಾಲ್ಕು ವರ್ಷದ ಮೇಲೆ ಅತ್ತೆ ಕಾಗದ ಬರೆಯುತ್ತಾಳೆ, ಅದೂ ಗೋಡೆಗೆ ಅಂಟಿಸುವ ಧಾಟಿಯಲ್ಲಿ ಬರೆಯುತ್ತಾಳೆ ಎಂದು ಬೈದುಕೊಳ್ಳುತ್ತೀಯ. ಬೈದುಕೋ. ನನಗೆ ಬರುವುದು ಇದೊಂದೇ ಧಾಟಿ. ನಿನ್ನ ಫೋನ್ ನಂಬರ್ ನನ್ನ ಹತ್ತಿರ ಇಲ್ಲ, ನಿನ್ನ ತಂಗಿಯನ್ನು ಕೇಳುವ ಮುಖವೂ ಇಲ್ಲ. ವಿಳಾಸ ಮಾತ್ರ ಹಳೆಯ ಡೈರಿಯಲ್ಲಿ ಸಿಕ್ಕಿತು.

ಒಂದು ಕೆಲಸವಿದೆ. ನೀನು ಮಾತ್ರೆ ಕಾರ್ಖಾನೆಯಲ್ಲಿ ಇದ್ದೀಯ. ಬಿ.ಪಿ.ಗೆಂದು ಹೊಸದಾಗಿ ಒಂದು ಗುಲಾಬಿ ಮಾತ್ರೆ ಬರೆಯುತ್ತಿದ್ದಾರೆ, ದಿನಕ್ಕೆ ಒಂದು. ಪಟ್ಟಿಯಲ್ಲಿಲ್ಲ. ಅದು ನಿಮ್ಮಲ್ಲೇ ತಯಾರಾಗುತ್ತದೆಯೇ? ಅದಕ್ಕೆ ಅಷ್ಟೊಂದು ಬೆಲೆ ಯಾಕೆ? ಮಂಡಳಿಯವರು ಹೇಳುವುದಿಲ್ಲ, ಅಂಗಡಿಯವನಿಗೆ ಗೊತ್ತಿಲ್ಲ.

ಅಲ್ಲಿಯವರೆಗೆ ನಮ್ಮ ದಾರಿ ನಮಗೆ. ಗುರುವಾರ ಕೌಂಟರಿನಿಂದ ಬರಿಗೈಲಿ ಬಂದವರೆಲ್ಲ ಮಧ್ಯಾಹ್ನ ಸಾಸರ್ ಹಿಡಿದು ನನ್ನ ಮನೆಗೆ ಬರುತ್ತಾರೆ. ತಿಂಗಳಿಗೆ ಕೊಂಡದ್ದು ಎರಡು ತಿಂಗಳಿಗೆ ಬರಲಿ ಎಂದು ನಾನು ಮಾತ್ರೆಗಳನ್ನು ಅರ್ಧ ಮಾಡಿಕೊಡುತ್ತೇನೆ. ಕೆಳಗೆ ಕಪ್ಪು ಬಟ್ಟೆ, ವಾರಕ್ಕೊಂದು ಹೊಸ ಬ್ಲೇಡು, ಸ್ಟೀಲಿನ ಸ್ಕೇಲು. ಗಾರ್ಮೆಂಟ್ಸಿನಲ್ಲಿ ಮೂವತ್ತನಾಲ್ಕು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವಳು. ನಲವತ್ತು ಪದರ ಬಟ್ಟೆ ಒಟ್ಟಿಗೆ ಕತ್ತರಿಸಿದರೆ ಮೇಲಿನದಕ್ಕೂ ಕೆಳಗಿನದಕ್ಕೂ ಒಂದು ನೂಲು ಹೆಚ್ಚುಕಡಿಮೆ ಆದದ್ದಿಲ್ಲ. ಈಗ ಕಪ್ಪು ಬಟ್ಟೆಯ ಮೇಲೆ ಪುಡಿ ಬೀಳುವುದಿಲ್ಲ. ಬಿದ್ದರೆ ಬೆರಳು ಒದ್ದೆ ಮಾಡಿ ನೆಕ್ಕಿಸುತ್ತೇನೆ, ಬಿಡುವುದಿಲ್ಲ. ಗುಲಾಬಿ ಮಾತ್ರೆಯ ಸಿಪ್ಪೆ ಮೊದಮೊದಲು ಜಾರುತ್ತಿತ್ತು. ಬ್ಲೇಡನ್ನು ಬಿಸಿಮಾಡಿ ನೋಡಿದೆ. ಬೆಣ್ಣೆ!

ಉತ್ತರ ಬರೆಯುವುದು, ಬಿಡುವುದು ನಿನ್ನಿಷ್ಟ.

ನಿನ್ನ ಅತ್ತೆ
(ಹೌದು, ನನ್ನ ಲೆಕ್ಕದಲ್ಲಿ ಇನ್ನೂ)


ಜನವರಿ ೧೬

ಅತ್ತೆಯವರಿಗೆ,

ಇದೊಂದು ಮಾತು ಮೊದಲು ಓದಿ, ಉಳಿದದ್ದು ಆಮೇಲೆ. ಗುಲಾಬಿ ಮಾತ್ರೆಯನ್ನು ಕತ್ತರಿಸಬೇಡಿ. ಈಗಾಗಲೇ ಕತ್ತರಿಸಿ ಕೊಟ್ಟಿದ್ದರೆ ಇವತ್ತೇ ವಾಪಸ್ ಇಸಿದುಕೊಳ್ಳಿ.

ಆ ಸಿಪ್ಪೆ ಚಂದಕ್ಕೆ ಹಾಕಿದ್ದಲ್ಲ. ಒಳಗಿನ ಮದ್ದು ಇಪ್ಪತ್ತನಾಲ್ಕು ಗಂಟೆ ಚೂರುಚೂರಾಗಿ ಇಳಿಯಲಿ ಎಂದು ಹಾಕಿದ್ದು. ಕತ್ತರಿಸಿದರೆ ಇರುವ ಮದ್ದೆಲ್ಲ ಒಂದೇ ಸಲಕ್ಕೆ ರಕ್ತಕ್ಕೆ ಸೇರುತ್ತದೆ. ಬಿ.ಪಿ. ದಿಢೀರನೆ ಕುಸಿಯುತ್ತದೆ. ವಯಸ್ಸಾದವರು ನಿಂತಲ್ಲೇ ಬೀಳುತ್ತಾರೆ. ನಿಮ್ಮ ಕೈ ಎಷ್ಟು ಸಾಫಾಗಿ ಕತ್ತರಿಸುತ್ತದೆ ಎನ್ನುವುದು ಇಲ್ಲಿ ಪ್ರಶ್ನೆಯೇ ಅಲ್ಲ. ನಡುವೆ ಗೆರೆ ಇರುವ ಬಿಳಿ ಮಾತ್ರೆಯನ್ನು ಬೇಕಾದರೆ ಡಾಕ್ಟರನ್ನು ಕೇಳಿ ಅರ್ಧ ಮಾಡಿ.

ನಿಮ್ಮ ಹಳೆಯ ನಂಬರಿಗೆ ಮಾಡಿದೆ. ಯಾರೋ ಗಂಡಸು ಎತ್ತಿ "ಇಲ್ಲಿ ಯಾವ ಅತ್ತೆಯೂ ಇಲ್ಲಮ್ಮ" ಅಂದ. ಅದಕ್ಕೇ ಈ ಕಾಗದ, ರಿಜಿಸ್ಟರ್ ಅಂಚೆಯಲ್ಲಿ.

ಈಗ ಉಳಿದದ್ದು. ನಾಲ್ಕು ವರ್ಷದ ಹಿಂದೆ ನನ್ನ, ನಿಮ್ಮ ಮಗನ ನ್ಯಾಯ ಮಾಡಲು ಹಿರಿಯರೆಂದು ನಾಲ್ಕು ಜನ ಕೂತಿದ್ದರು. ನಿಮ್ಮ ಮಗ "ಅವಳೇ ಪೆಟ್ಟಿಗೆ ಎತ್ಕೊಂಡು ಹೋದ್ಲು" ಅಂದ. ಪೆಟ್ಟಿಗೆಯನ್ನು ಮೆಟ್ಟಿಲಿಗೆ ತಳ್ಳಿದ್ದು ಯಾರು ಎಂದು ಕಣ್ಣಾರೆ ನೋಡಿದವರು ನೀವೊಬ್ಬರೇ. ಮ್ಯಾನೇಜರನ ಮೇಜು ಗುದ್ದಿ ಮಾತಾಡುವ ನೀವು ಅವತ್ತು ಟೀ ಸೋಸುತ್ತಾ ನಿಂತಿರಿ. ನಾನು ನಿಮ್ಮನ್ನೇ ನೋಡುತ್ತಿದ್ದೆ. ನೀವು ಜಾಲರಿಯನ್ನು ನೋಡುತ್ತಿದ್ದಿರಿ.

ಅದನ್ನು ಬರೆಯದೆ ಈ ಕಾಗದ ಮುಚ್ಚಲು ಕೈ ಬರಲಿಲ್ಲ. ಆದರೆ ಮೊದಲ ಸಾಲು ಮುಖ್ಯ. ಅದನ್ನು ಇನ್ನೊಮ್ಮೆ ಓದಿ.

ಒಂದು ಕಾಲದ ನಿಮ್ಮ ಸೊಸೆ


ಜನವರಿ ೩೧

ಸೊಸೆಗೆ,

ನಿನ್ನ ಕಾಗದ ಇಪ್ಪತ್ತನೇ ತಾರೀಖು ಬಂತು. ನಾನು ಒಡೆದದ್ದು ಇಪ್ಪತ್ತೊಂಬತ್ತಕ್ಕೆ.

ಯಾಕೆ ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ಹೆದರಿದೆ. ಸಹಿ ಹಾಕಿ ತೆಗೆದುಕೊಂಡೆ, ಲಕೋಟೆ ದಪ್ಪಗಿತ್ತು. ಮೆಟ್ಟಿಲು, ಪೆಟ್ಟಿಗೆ, ನನ್ನ ಬಾಯಿ, ಎಲ್ಲ ಇದರೊಳಗಿದೆ ಎಂದುಕೊಂಡೆ. ಟೀಪುಡಿ ಡಬ್ಬಿಯ ಕೆಳಗೆ ಇಟ್ಟೆ. ನಾಳೆ ಓದೋಣ, ನಾಡಿದ್ದು ಓದೋಣ ಎಂದು ಒಂಬತ್ತು ದಿನ ಅದರ ಮೇಲಿನ ಡಬ್ಬಿ ಎತ್ತಿ ಟೀ ಮಾಡಿ ಕುಡಿದೆ.

ಆ ಒಂಬತ್ತು ದಿನದ ನಡುವೆ ಒಂದು ಗುರುವಾರ ಬಂತು.

ಟಪಾಲಣ್ಣ ನಿನಗೆ ಗೊತ್ತು. ಮೊದಲನೇ ಮಹಡಿಯವರು, ನಲವತ್ತು ವರ್ಷ ಬೀದಿ ಸುತ್ತಿ ಕಾಗದ ಹಂಚಿದವರು, ಈಗ ನಮ್ಮ ಸಮಿತಿಯ ಕಾರ್ಯದರ್ಶಿ. ಅವರಿಗೆ ಆ ವಾರವಷ್ಟೇ ಬಿಳಿ ಬಿಡಿಸಿ ಗುಲಾಬಿ ಬರೆದಿದ್ದರು. ಗುರುವಾರ ಸಾಸರ್ ತಂದರು. ಒಂದು ಸ್ಟ್ರಿಪ್ ಪೂರ್ತಿ ಕತ್ತರಿಸಿದೆ. "ಅಧ್ಯಕ್ಷರೇ, ಇದು ಆಭರಣದ ಕೆಲಸ" ಅಂದರು. ನಾನು ಉಬ್ಬಿಹೋದೆ. ಶನಿವಾರ ಬೆಳಿಗ್ಗೆ ಅರ್ಧ ಮಾತ್ರೆ ನುಂಗಿ ಹಾಲು ತರಲು ಇಳಿದವರು ಮೆಟ್ಟಿಲಿನ ಕೊನೆಯಲ್ಲಿ ಬಿದ್ದಿದ್ದರು. ಬಲಗೈ ಮಣಿಕಟ್ಟು ಮುರಿದಿದೆ, ತಲೆಗೆ ಒಂಬತ್ತು ಹೊಲಿಗೆ. ನಾಲ್ಕು ದಿನ ಯಾರನ್ನೂ ಗುರುತಿಸಲಿಲ್ಲ. ಬುಧವಾರ ಕಣ್ಣು ಬಿಟ್ಟು, ನರ್ಸಮ್ಮನಿಗೆ ಅವಳ ಬೀದಿಯ ಪಿನ್‌ಕೋಡ್ ಹೇಳಿದರಂತೆ.

ಇಪ್ಪತ್ತೊಂಬತ್ತರಂದು ಆಸ್ಪತ್ರೆಯ ಡಾಕ್ಟರು ಅವರ ಜೇಬಿನಲ್ಲಿದ್ದ ಪೊಟ್ಟಣ ತೋರಿಸಿ ಕೇಳಿದರು: "ಇಷ್ಟು ನೀಟಾಗಿ ಯಾರು ಕತ್ತರಿಸಿದ್ದು? ಇದನ್ನ ಕತ್ತರಿಸ್ಲೇಬಾರದು." ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ನಿನ್ನ ಕಾಗದ ಒಡೆದೆ. ಮೊದಲ ಸಾಲೇ ಅದು.

ಗುಲಾಬಿ ತೆಗೆದುಕೊಳ್ಳುವ ಉಳಿದ ಆರು ಜನರ ಮನೆಗೂ ಹೋಗಿ ಹೋಳುಗಳನ್ನು ವಾಪಸ್ ಪಡೆದೆ. ಆರರಲ್ಲಿ ನಾಲ್ವರು "ತಲೆ ಸುತ್ತುತ್ತಿತ್ತು, ವಯಸ್ಸಾಯ್ತಲ್ಲ ಅಂತ ಸುಮ್ಮನಿದ್ವಿ" ಅಂದರು. ಬ್ಲೇಡುಗಳನ್ನು ಎಸೆದೆ. ಕಪ್ಪು ಬಟ್ಟೆ ಒಗೆದು ಮಡಿಸಿಟ್ಟಿದ್ದೇನೆ.

ಅತ್ತೆ


ಫೆಬ್ರವರಿ ೯

ಅತ್ತೆಯವರಿಗೆ,

ಒಂಬತ್ತು ದಿನ ಒಡೆಯಲಿಲ್ಲ ಎಂದು ಓದಿ ನಿಮ್ಮ ಕಾಗದವನ್ನು ಹರಿಯಬೇಕು ಅನ್ನಿಸಿತು. ಹರಿಯಲಿಲ್ಲ. ನಿಮ್ಮ ಮೊದಲನೇ ಕಾಗದವನ್ನು ನಾನೂ ಮೂರು ದಿನ ಬೀರುವಿನ ಮೇಲೆ ಎಸೆದಿಟ್ಟಿದ್ದೆ. ನನ್ನ ಮೂರೂ ನಿಮ್ಮ ಒಂಬತ್ತೂ ಕೂಡಿಯೇ ಅಣ್ಣನವರನ್ನು ಬೀಳಿಸಿದ್ದು. ಇದನ್ನು ನಿಮ್ಮ ಮನಸ್ಸು ಹಗುರ ಮಾಡಲು ಬರೆಯುತ್ತಿಲ್ಲ, ಇದ್ದದ್ದು ಬರೆದೆ.

ಆ ಆರು ಜನರಿಗೂ ಒಂದು ವಾರ ದಿನಾ ಬೆಳಿಗ್ಗೆ ಬಿ.ಪಿ. ನೋಡಿಸಿ. ಪೂರ್ತಿ ಮಾತ್ರೆ ಕೊಳ್ಳಲು ಆಗದವರು ಹಳೆಯ ಬಿಳಿಗೇ ಹೋಗಬಹುದೇ ಎಂದು ಡಾಕ್ಟರನ್ನೇ ಕೇಳಲಿ. ತಾವೇ ನಿಲ್ಲಿಸುವುದು ಬೇಡ.

ಬೆಲೆಯ ವಿಷಯ ಕೇಳಿದ್ದಿರಿ. ನೋಡುತ್ತೇನೆ.

ಅಣ್ಣನವರು ಹೇಗಿದ್ದಾರೆ? ಎರಡು ಸಾಲಾದರೂ ಬರೆಯಿರಿ.

ಸೊಸೆ


ಮಾರ್ಚ್ ೨

ತಾಯೀ,

ಎಡಗೈಲಿ ಬರೆದದ್ದು. ಅಕ್ಷರ ಕೋಳಿ ಕೆದರಿದ ಹಾಗಿದೆ, ನಗಬೇಡ. ನಲವತ್ತು ವರ್ಷ ಬೇರೆಯವರ ಕಾಗದ ಹಂಚಿದೆ. ನಿನ್ನ ಒಂದು ಕಾಗದ ನನ್ನ ಕೈಲಿ ಬಂದಿದ್ದರೆ ಬಾಗಿಲಲ್ಲೇ ನಿಂತು ಒಡೆಸಿ ಬರುತ್ತಿದ್ದೆ. ರಿಟೈರಾದದ್ದೇ ತಪ್ಪಾಯಿತು.

ನಿನ್ನ ಅತ್ತೆ ದಿನಾ ಬರುತ್ತಾಳೆ, ಕೂರುತ್ತಾಳೆ, ಬಟನ್ ಹಾಕಿಕೊಡುತ್ತಾಳೆ, ಹೋಗುತ್ತಾಳೆ. ಜಗಳವೇ ಆಡುವುದಿಲ್ಲ. ನನಗೆ ಅದೇ ಭಯ. ನಾನು ಬಿದ್ದದ್ದಕ್ಕೂ ನಮ್ಮ ಬೇಡಿಕೆಗೂ ಸೇರಿಸಿ ಏಪ್ರಿಲ್ ಹದಿನೈದಕ್ಕೆ ಮಂಡಳಿಯವರು ವಿಚಾರಣೆ ಕರೆದಿದ್ದಾರೆ. ಕತ್ತರಿಸಿದ್ದು ನಾನೇ ಎಂದು ಹೇಳುತ್ತೇನೆ. ಬಿದ್ದವನು ನಾನು, ನನ್ನ ಮಾತ್ರೆ, ಯಾರೂ ಅನುಮಾನಪಡುವುದಿಲ್ಲ. ಸಮಿತಿಯ ನಲವತ್ತಮೂರು ಜನರಲ್ಲಿ ನಲವತ್ತೆರಡು ಜನ ಒಪ್ಪಿದ್ದಾರೆ. ಒಪ್ಪದವಳು ಅವಳೊಬ್ಬಳೇ. ಒಪ್ಪಿಲ್ಲ, ಇಲ್ಲ ಎಂದೂ ಅಂದಿಲ್ಲ. ಅವಳ ಹೆಸರು ಬಿದ್ದರೆ ಕೇಸು ಹಾಕುತ್ತಾರೆ, ಸಮಿತಿ ಮುಚ್ಚಿಸುತ್ತಾರೆ. ನೀನು ಒಂದು ಮಾತು ಬರೆ. ನಿನ್ನ ಮಾತು ಕೇಳುತ್ತಾಳೆ ಎಂದು ನನ್ನ ಗುಮಾನಿ.

ಟಪಾಲಣ್ಣ


ಮಾರ್ಚ್ ೧೨

ಸೊಸೆಗೆ,

ಮುದುಕ ನಿನಗೆ ಕಾರ್ಡು ಬರೆದಿದ್ದಾನಂತೆ. ಅವನೇ ಒಪ್ಪಿಕೊಂಡ. ಹಾಗಾದರೆ ಉಳಿದದ್ದನ್ನು ನಾನು ಬರೆಯುತ್ತೇನೆ.

ಮಂಡಳಿಯವರು ನಮ್ಮ ಬೀದಿಗೆ ಬಂದರು. ಎರಡು ವರ್ಷದಲ್ಲಿ ಮೊದಲ ಸಲ. ಔಷಧ ತಂದರೆಂದುಕೊಂಡೆಯಾ? ಕಾಗದ ತಂದರು. ಬಣ್ಣಬಣ್ಣದ ಕಾಗದ, "ಹಿರಿಯರೇ, ಮಾತ್ರೆ ಕತ್ತರಿಸಬೇಡಿ", ಕೆಳಗೊಂದು ನಗುವ ಅಜ್ಜನ ಚಿತ್ರ. ಅಜ್ಜ ಯಾಕೆ ಕತ್ತರಿಸುತ್ತಾನೆ ಎಂದು ಒಂದು ಸಾಲಿಲ್ಲ. ಹಂಚುವವನನ್ನು ಕೇಳಿದೆ: "ಕತ್ತರಿಸಬೇಡಿ ಅಂತೀರಲ್ಲಪ್ಪ, ಇಡೀ ಮಾತ್ರೆ ಎಲ್ಲಿದೆ?" "ಅದು ನಮ್ಮ ಸೆಕ್ಷನ್ ಅಲ್ಲಮ್ಮ" ಅಂದ.

ಅವರ ವರದಿಯಲ್ಲಿ "ರೋಗಿಯ ಸ್ವಯಂ ಅಜಾಗರೂಕತೆ" ಎಂದಿದೆ. ಅಣ್ಣ ಎದ್ದು ನಿಂತು "ಹೌದು, ನಾನೇ ಕತ್ತರಿಸಿಕೊಂಡೆ" ಎಂದರೆ ಆ ವರದಿ ನಿಜವಾಗುತ್ತದೆ. ನಾನು ಎದ್ದು "ನಾನು ಕತ್ತರಿಸಿದೆ" ಎಂದರೆ, ಓಹೋ, ಇವರ ಅಧ್ಯಕ್ಷೆಯೇ ಜನರಿಗೆ ವಿಷ ಹಂಚಿದಳು ಎಂದು ನಮ್ಮ ಹದಿನೆಂಟು ಔಷಧದ ಬೇಡಿಕೆಯನ್ನೇ ಬುಟ್ಟಿಗೆ ಹಾಕುತ್ತಾರೆ. ಎರಡರಲ್ಲೂ ಅವರಿಗೇ ಲಾಭ. ಸಮಿತಿಯವರು ಹೇಳುತ್ತಾರೆ: "ನೀನು ಸುಮ್ನಿರು ಸಾಕು. ಸುಮ್ನಿರೋದೇನು ಸುಳ್ಳಲ್ವಲ್ಲ."

ಸುಮ್ಮನಿರುವುದು ನನಗೆ ಅಭ್ಯಾಸವಿಲ್ಲ ಎಂದು ಊರೆಲ್ಲ ಅಂದುಕೊಂಡಿದೆ. ಅಭ್ಯಾಸವಿದೆ ಎಂದು ಗೊತ್ತಿರುವವಳು ನೀನೊಬ್ಬಳೇ. ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ಅತ್ತೆ


ಮಾರ್ಚ್ ೨೨

ಅತ್ತೆಯವರಿಗೆ,

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಸುಮ್ಮನಿದ್ದವರ ಎದುರು ನಿಂತವಳಿಗೆ ಹೇಗಿರುತ್ತದೆ ಎಂದು ಮಾತ್ರ ಹೇಳಬಲ್ಲೆ. ನಿಮ್ಮ ಮಗನ ಸುಳ್ಳು ನನಗೆ ಒಂದೇ ವಾರದಲ್ಲಿ ಹಳೆಯದಾಯಿತು. ಅವನು ಸುಳ್ಳುಗಾರ ಎಂದು ಮೊದಲೇ ಗೊತ್ತಿತ್ತು. ನಿಮ್ಮ ಮೌನ ನಾಲ್ಕು ವರ್ಷವಾದರೂ ಹಳೆಯದಾಗಲಿಲ್ಲ. ಅಷ್ಟೇ.

ಇನ್ನು ನೀವು ಕೇಳಿದ್ದು. ಹೌದು, ಗುಲಾಬಿ ಮಾತ್ರೆ ನಮ್ಮಲ್ಲೇ ತಯಾರಾಗುತ್ತದೆ. ಹನ್ನೊಂದು ವರ್ಷದಿಂದ ನಾನು ಪ್ಯಾಕಿಂಗ್ ಸಾಲಿನ ಕೊನೆಯಲ್ಲಿ ನಿಂತು ಒಡೆದದ್ದು, ಬಣ್ಣ ಬಿಟ್ಟದ್ದು, ಸ್ಟ್ರಿಪ್ಪಿನಲ್ಲಿ ಮಾತ್ರೆ ಬೀಳದೆ ಖಾಲಿ ಗುಳಿ ಉಳಿದದ್ದನ್ನು ಹೆಕ್ಕಿ ತೆಗೆಯುತ್ತೇನೆ. ಗುಲಾಬಿಯೇ ಇರಲಿ, ಹಳೆಯದೇ ಇರಲಿ, ಬೆಳಿಗ್ಗೆ ಪಾಳಿಯಲ್ಲಿ ಮಾತ್ರೆ ಹಳದಿ ಡಬ್ಬಿಗೆ ಹೋಗುತ್ತದೆ, ಅದು ದೊಡ್ಡ ಆಸ್ಪತ್ರೆಗಳಿಗೆ. ಮಧ್ಯಾಹ್ನ ಊಟವಾಗಿ ಬರುವಷ್ಟರಲ್ಲಿ ಡಬ್ಬಿ ಬದಲಾಗಿ ನೀಲಿ ಬಂದಿರುತ್ತದೆ, ಅದು ಅಂಗಡಿಗಳಿಗೆ. ಸಾಲು ಅದೇ, ಮಾತ್ರೆ ಅದೇ, ಹೆಕ್ಕುವ ಕೈಯೂ ಅದೇ. ಹಳದಿ ಡಬ್ಬಿಯ ಮೇಲಿರುವ ಬೆಲೆಯ ಐದು ಪಟ್ಟು ನೀಲಿ ಡಬ್ಬಿಯ ಮೇಲಿರುತ್ತದೆ. ಮೊದಲನೇ ವರ್ಷ ಸೂಪರ್‌ವೈಸರನ್ನು ಕೇಳಿದ್ದೆ. "ಡಬ್ಬಿ ನೋಡಬೇಡ, ಮಾತ್ರೆ ನೋಡು" ಅಂದರು. ಹತ್ತು ವರ್ಷ ಹಾಗೇ ಮಾಡಿದೆ. ನಾನೂ ಜಾಲರಿ ನೋಡುತ್ತಾ ನಿಂತವಳೇ, ಅತ್ತೆ.

ನಿಮ್ಮ ಸೊಸೆ


ಏಪ್ರಿಲ್ ೧೭

ಸೊಸೆಗೆ,

ಮೊನ್ನೆಯದನ್ನು ಬಿಡದೆ ಬರೆಯುತ್ತೇನೆ. ಕೂತು ಓದು.

ಹಿರಿಯರ ವಿಚಾರಣೆ ಎಂದು ಕರೆದವರು ಅದನ್ನು ಇಟ್ಟದ್ದು ನಾಲ್ಕನೇ ಮಹಡಿಯಲ್ಲಿ. ಲಿಫ್ಟಿಗೆ "ದುರಸ್ತಿಯಲ್ಲಿದೆ" ಎಂದು ಬೋರ್ಡು. ನಾವು ಮೂವತ್ತೆಂಟು ಜನ, ಅದರಲ್ಲಿ ಊರುಗೋಲಿನವರೇ ಹನ್ನೆರಡು. ಹತ್ತೋಣವೇ ಎಂದು ಯಾರೋ ಅಂದರು. "ಹತ್ತೋದು ಬೇಡ, ಕೂರೋಣ" ಅಂದೆ. ಮೆಟ್ಟಿಲ ಮೇಲೆ ಸಾಲಾಗಿ ಕೂತುಬಿಟ್ಟೆವು. ಮೇಲಿದ್ದವರು ಟೀಗೆ ಇಳಿಯುವ ಹಾಗಿಲ್ಲ, ಕೆಳಗಿದ್ದವರು ಫೈಲು ಹಿಡಿದು ಹತ್ತುವ ಹಾಗಿಲ್ಲ. ಒಬ್ಬ ಗುಮಾಸ್ತ "ಅಜ್ಜೀ, ಸ್ವಲ್ಪ ಜಾಗ" ಅಂದ. ಪಕ್ಕದವಳು, "ಎರಡು ವರ್ಷದಿಂದ ನಾವೂ ಅದನ್ನೇ ಕೇಳ್ತಿದೀವಿ ಕಣಪ್ಪಾ" ಅಂದಳು. ಮುಕ್ಕಾಲು ಗಂಟೆಯಲ್ಲಿ ಮೇಜು, ಕುರ್ಚಿ, ಮೈಕು, ಅಧಿಕಾರಿ, ಎಲ್ಲ ಕೆಳಗಿಳಿದು ಬಂದವು. ಮಂಡಳಿಯವರನ್ನು ನಾಲ್ಕು ಮಹಡಿ ಇಳಿಸಿದೆವು ಕಣೇ! ಅಷ್ಟಕ್ಕೇ ಅರ್ಧ ಜನರ ಮಂಡಿನೋವು ಹೋಯಿತು.

ಅಧಿಕಾರಿ ಕನ್ನಡಕ ಏರಿಸಿ ಶುರು ಮಾಡಿದ: "ಬಿದ್ದವರು ಮಾತ್ರೆ ತಾವೇ ಕತ್ತರಿಸ್ಕೊಂಡಿದಾರೆ ಅಂತ ವರದಿ ಇದೆ. ಬೆಲೆಗೂ ಇದಕ್ಕೂ ಏನ್ರೀ ಸಂಬಂಧ?"

ಅಣ್ಣ ಎದ್ದರು, ಕೈಗೆ ಇನ್ನೂ ಪಟ್ಟಿ. ಬಾಯಿ ತೆರೆದರು. ನನಗೆ ಹೆದರಿಕೆಯಿತ್ತು, ಸುಳ್ಳು ಹೇಳುವುದಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಲಾಠಿ ಕಂಡಾಗಲೂ ಅಷ್ಟು ಹೆದರಿರಲಿಲ್ಲ.

"ಅಣ್ಣ, ನೀವು ಕೂತ್ಕೊಳ್ಳಿ" ಅಂದೆ. "ಇವ್ರಿಗೆ ಬ್ರೆಡ್ಡೂ ನೆಟ್ಟಗೆ ಕತ್ತರಿಸೋಕೆ ಬರಲ್ಲ ಸ್ವಾಮಿ. ಕತ್ತರಿಸಿದ್ದು ನಾನು."

ಅಧಿಕಾರಿ ಪೆನ್ನು ಎತ್ತಿಕೊಂಡು ನನ್ನ ಕಡೆ ತಿರುಗಿದ.

"ಹಾಗಾದ್ರೆ ತಪ್ಪು ನಿಮ್ದೇ ಆಯ್ತಲ್ಲಮ್ಮ?"

"ನಂದೇ. ಬರ್ಕೊಳ್ಳಿ. ಕತ್ತರಿಸಬೇಡ ಅಂತ ಮಾತ್ರೆ ಕಾರ್ಖಾನೇಲಿರೋ ನನ್ನ ಸೊಸೆ ಕಾಗದ ಬರ್ದಿದ್ಲು. ಒಂಬತ್ತು ದಿನ ಒಡೀಲಿಲ್ಲ. ಅದೂ ನನ್ನ ತಪ್ಪೇ, ಅದನ್ನೂ ಬರ್ಕೊಳ್ಳಿ. ಬರ್ದಾಯ್ತಾ?"

"ಆಯ್ತು."

"ಈಗ ನಿಮ್ದು ಬರೆಯೋಣ. ನಾನು ಒಂದು ಕಾಗದ ಒಂಬತ್ತು ದಿನ ಒಡೀಲಿಲ್ಲ. ನೀವು ನಮ್ಮ ಹನ್ನೊಂದು ಅರ್ಜಿ ಎರಡು ವರ್ಷದಿಂದ ಒಡೆದಿದೀರಾ? ತರಿಸಿ ನೋಡೋಣ."

ಮೇಜಿನ ಆ ತುದಿಯಲ್ಲಿ ಒಬ್ಬ ಡಾಕ್ಟರಮ್ಮ ಕೂತಿದ್ದಳು, ಮಂಡಳಿಯ ಅಧ್ಯಕ್ಷೆ. "ತರಿಸಿ" ಅಂದಳು. ಗುಮಾಸ್ತ ಓಡಿದ, ಹತ್ತು ನಿಮಿಷ ಬಿಟ್ಟು ಬಂದ. ಹನ್ನೊಂದರಲ್ಲಿ ಏಳು ಲಕೋಟೆಗೆ ಗೋಂದು ಹಾಗೇ ಇತ್ತು. ಅಣ್ಣ ಎಡಗೈಯಲ್ಲಿ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಮುಟ್ಟಿಸಿದ ತಾರೀಖಿನ ಮುದ್ರೆ ಸರಿಯಾಗೇ ಬಿದ್ದಿದೆ. ಟಪಾಲಿನವರ ತಪ್ಪೇನಿಲ್ಲ" ಅಂದರು. ಮೆಟ್ಟಿಲ ಮೇಲಿದ್ದವರೆಲ್ಲ ಘೊಳ್ಳೆಂದರು.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ವಾರಕ್ಕೆ ಎಷ್ಟು ಮಾತ್ರೆ ಕತ್ತರಿಸ್ತಿದ್ರಿ?"

"ಇನ್ನೂರಕ್ಕೆ ಕಮ್ಮಿ ಇಲ್ಲ."

"ಯಾರ್ಯಾರಿಗೆ?"

ನಾನು ಹೆಸರು ಹೇಳಲಿಲ್ಲ. ಅವರೇ ಒಬ್ಬೊಬ್ಬರಾಗಿ ಹೇಳಿದರು. ಒಬ್ಬಳು, ಅರ್ಧ. ಇನ್ನೊಬ್ಬಳು, ದಿನ ಬಿಟ್ಟು ದಿನ. ಒಬ್ಬಾತ, "ಗಂಡ ಹೆಂಡ್ತಿ ಇಬ್ಬರಿಗೂ ಒಂದೇ ಶುಗರ್ ಮಾತ್ರೆ. ಒಂದು ವಾರ ಅವಳು, ಒಂದು ವಾರ ನಾನು." ನಾಲ್ಕು ಮನೆ ಆಚೆ ಇರುವ ಆತ ಇದನ್ನು ನನಗೂ ಹೇಳಿರಲಿಲ್ಲ. ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾಚಿಕೆಗೆ ಎಂದುಕೊಂಡೆ. ಆಮೇಲೆ ನೋಡಿದರೆ ತಲೆ ಎತ್ತಿ ಕೂತಿದ್ದಳು. ಮೂವತ್ತೆಂಟು ಜನ ಹೇಳಿ ಮುಗಿಸುವಷ್ಟರಲ್ಲಿ ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ್ದ. ಡಾಕ್ಟರಮ್ಮ ತಾನೇ ಬರೆಯುತ್ತಿದ್ದಳು.

ಗೆದ್ದದ್ದು ಇಷ್ಟು: ಮೇ ಒಂದರಿಂದ ಗುಲಾಬಿ ಮಾತ್ರೆ ಪಟ್ಟಿಗೆ. ಯಾವ ಅಂಗಡಿಯಲ್ಲಾದರೂ ಕಾಲು ಬೆಲೆ. ಚೀಟಿ ಆರು ತಿಂಗಳಿಗೆ. ಉಳಿದ ಹದಿನೇಳಕ್ಕೆ ಇನ್ನೊಂದು ವಿಚಾರಣೆ. ಅದಕ್ಕೆ ಕಂಪನಿಯವರು ಬೆಲೆಯ ಕಾಗದಪತ್ರ ತರಬೇಕು. ಮಾತಾಡಬೇಕೆನ್ನುವ ಕೆಲಸಗಾರರು ಬಂದು ಮಾತಾಡಬಹುದು ಎಂದು ಡಾಕ್ಟರಮ್ಮ ಬಾಯಿಬಿಟ್ಟು ಹೇಳಿ ಬರೆಸಿದಳು.

ನನಗೆ ನೋಟೀಸು ಬಂದಿದೆ, ಲೈಸೆನ್ಸ್ ಇಲ್ಲದೆ ಔಷಧ ಕತ್ತರಿಸಿದ್ದಕ್ಕೆ ಎಚ್ಚರಿಕೆ. ಅದರಲ್ಲಿ ಉದ್ಯೋಗ ಎನ್ನುವ ಕಡೆ "ಮನೆಯಲ್ಲಿರುವವರು" ಎಂದು ಟೈಪು ಮಾಡಿದ್ದರು. ಹೊಡೆದುಹಾಕಿ "ಕಟಿಂಗ್ ಮಾಸ್ಟರ್, ಮೂವತ್ತನಾಲ್ಕು ವರ್ಷ" ಎಂದು ಬರೆದು ಸಹಿ ಮಾಡಿದೆ. ಎಚ್ಚರಿಕೆ ಒಪ್ಪಿಕೊಂಡೆ. ಉದ್ಯೋಗದಲ್ಲಿ ಮಾತ್ರ ರಾಜಿಯಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದೆ. ಬಾಯಿ ಒಮ್ಮೆ ತೆರೆದದ್ದು ಮುಚ್ಚುವ ಮೊದಲೇ ಮಾಡಿಬಿಡೋಣ ಅನ್ನಿಸಿತು. ಪೆಟ್ಟಿಗೆ ತಳ್ಳಿದ್ದು ನನ್ನ ಮಗ, ನಾನು ನೋಡಿದೆ, ಸುಮ್ಮನಿದ್ದೆ ಎಂದು ಕಾಗದ ಬರೆದೆ. ಅವತ್ತು ಕೂತಿದ್ದ ನಾಲ್ಕೂ ಜನರಿಗೆ ಒಂದೊಂದು, ಮಗನಿಗೆ ಒಂದು, ನಿನ್ನೆಯೇ ಅವರವರ ಕೈಗೆ ಮುಟ್ಟಿಸಿದೆ. ಇದರ ಜೊತೆಗಿರುವುದು ನಿನ್ನ ಪ್ರತಿ. ಮಗ ಫೋನಿಗೆ ಬಂದು ಕೂಗಾಡಿದ. ಕೂಗಾಡಲಿ, ಗಂಟಲು ಅವನದು.

ಅತ್ತೆ


ಮೇ ೪

ಅತ್ತೆಯವರಿಗೆ,

ನಿಮ್ಮ ಕಾಗದ ಬಾಗಿಲಲ್ಲೇ ಒಡೆದು ಓದಿದೆ. ಚಪ್ಪಲಿ ಕೂಡ ಬಿಚ್ಚಿರಲಿಲ್ಲ. ಜೊತೆಗಿದ್ದ ಪ್ರತಿಯನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ.

ಪೇಪರಿನಲ್ಲಿ ಫೋಟೋ ಬಂದಿತ್ತು, ಮೆಟ್ಟಿಲ ಮೇಲೆ ನೀವೆಲ್ಲ ಕೂತಿರುವುದು. ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮೇಜಿನಿಂದ ಮೇಜಿಗೆ ಹೋಯಿತು. ಸೂಪರ್‌ವೈಸರ್ ನನ್ನ ಹತ್ತಿರ ತಂದು, "ಮುಂದಿನ ಸಾಲಲ್ಲಿ ಬೆರಳು ತೋರಿಸ್ತಿರೋ ಈ ಮುದುಕಿ ಯಾರು, ಗೊತ್ತಾ? ನಮ್ಮ ಹೊಟ್ಟೆ ಮೇಲೆ ಹೊಡೀತಿದಾಳೆ" ಅಂದರು.

"ಗೊತ್ತು. ನಮ್ಮತ್ತೆ" ಅಂದೆ.

ನಾಲ್ಕು ವರ್ಷದಲ್ಲಿ ಆ ಮಾತು ಬಾಯಿಗೆ ಬಂದಿರಲಿಲ್ಲ. ಬಂದಾಗ ನನಗೇ ಕೇಳಿಸುವಷ್ಟು ದೊಡ್ಡದಾಗಿ ಬಂತು. ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿ ನೋಡಿದರು.

ಮುಂದಿನ ವಿಚಾರಣೆಗೆ ನಾನು ಬರುತ್ತೇನೆ. ಹಳದಿ ಡಬ್ಬಿ, ನೀಲಿ ಡಬ್ಬಿ, ಹನ್ನೊಂದು ವರ್ಷ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಒಂದು ಕಾಗದವನ್ನೂ ಕದ್ದು ತರುವುದಿಲ್ಲ, ಅದರ ಅಗತ್ಯವಿಲ್ಲ. ಎರಡೂ ಡಬ್ಬಿಯ ಮೇಲೆ ಅವರೇ ಬೆಲೆ ಅಚ್ಚು ಹಾಕಿದ್ದಾರೆ. ಸಾಲಿನಲ್ಲಿ ನನ್ನ ಜೊತೆ ನಿಲ್ಲುವ ಮೂವರು ಹೆಂಗಸರೂ ಬರುತ್ತೇವೆ ಅಂದಿದ್ದಾರೆ. ಒಬ್ಬಳ ತಾಯಿ ಹೃದಯದ ಮಾತ್ರೆಯನ್ನು ದಿನ ಬಿಟ್ಟು ದಿನ ತಿನ್ನುತ್ತಾಳೆ. ಅದನ್ನು ಪ್ಯಾಕ್ ಮಾಡುವುದು ಮಗಳೇ.

ಗೋಡೌನಿಗೆ ವರ್ಗ ಮಾಡುತ್ತೇವೆ ಎಂದು ಸೂಚನೆ ಕೊಟ್ಟಿದ್ದಾರೆ. ಮಾಡಲಿ. ಅಲ್ಲೂ ಡಬ್ಬಿಗಳೇ ಇರುವುದು.

ಅಣ್ಣನವರಿಗೆ ನಮಸ್ಕಾರ ಹೇಳಿ. ಬಲಗೈಲಿ ಬರೆಯುವ ಹಾಗಾದ ಮೇಲೂ ಎಡಗೈಲೇ ಒಂದು ಕಾರ್ಡು ಹಾಕಲಿ.

ನಿಮ್ಮ ಸೊಸೆ


ಜೂನ್ ೧

ಸೊಸೆಗೆ,

ಮೂಲೆಯ ಅಂಗಡಿಯವನು ಟಪಾಲಣ್ಣನಿಗೆ ಗುಲಾಬಿ ಮಾತ್ರೆಯ ಪೂರ್ತಿ ಸ್ಟ್ರಿಪ್ ಕಾಲು ಬೆಲೆಗೆ ಕೊಟ್ಟ. ಅಣ್ಣ ಅಂಗಡಿಯಲ್ಲೇ ನೀರು ಇಸಿದುಕೊಂಡು, ಕ್ಯೂ ಪೂರಾ ನೋಡುವ ಹಾಗೆ ಇಡೀ ಮಾತ್ರೆ ನುಂಗಿದರು. "ಬೆಳಿಗ್ಗೆದು ಆಗ್ಲೇ ತಗೊಂಡಿಲ್ವಲ್ಲ?" ಎಂದು ಕೇಳಿದೆ. "ಅಷ್ಟು ಬುದ್ಧಿ ಇದೆ ಅಧ್ಯಕ್ಷರೇ" ಅಂದರು. ಬಿ.ಪಿ. ನೋಡಿಸಿದೆ, ಸರಿ ಇದೆ.

ಸಭೆಯಲ್ಲಿ ರಾಜೀನಾಮೆ ಮುಂದಿಟ್ಟೆ. ಅಣ್ಣ ಅದನ್ನು ಓದಿ, "ವಿಳಾಸ ಸರಿಯಿಲ್ಲ" ಎಂದು ವಾಪಸ್ ಕೊಟ್ಟರು. ನಲವತ್ತಮೂರು ಇದ್ದ ಸಮಿತಿ ಈಗ ನೂರ ಹತ್ತೊಂಬತ್ತು. ಗುರುವಾರ ಮಧ್ಯಾಹ್ನ ಜನ ಈಗಲೂ ನನ್ನ ಮನೆಗೆ ಬರುತ್ತಾರೆ, ಚೀಟಿ ತರುತ್ತಾರೆ. ಯಾವುದು ಪಟ್ಟಿಯಲ್ಲಿದೆ, ಯಾವುದಿಲ್ಲ, ಯಾವುದಕ್ಕೆ ಡಾಕ್ಟರನ್ನು ಏನು ಕೇಳಬೇಕು ಎಂದು ಬರೆದುಕೊಡುತ್ತೇವೆ.

ಹೋದ ವಾರ ನಿಮ್ಮ ಕಂಪನಿಯ ಕಡೆಯಿಂದ ಒಬ್ಬ ಬಂದಿದ್ದ, ಇಸ್ತ್ರಿ ಮುರಿಯದ ಶರ್ಟು. ಸಮಿತಿಯ ಎಲ್ಲರಿಗೂ ಒಂದು ವರ್ಷ ಮಾತ್ರೆ ಪುಕ್ಕಟೆ ಕೊಡುತ್ತೇವೆ, ವಿಚಾರಣೆಯಲ್ಲಿ ಬೆಲೆಯ ಮಾತು ಎತ್ತುವುದು ಬೇಡ ಅಂದ. ಜನ ನನ್ನ ಮುಖ ನೋಡಿದರು. "ಒಂದು ವಾರ ಅವಳು, ಒಂದು ವಾರ ನಾನು" ಎಂದಿದ್ದನಲ್ಲ, ಆತನ ಮುಖವನ್ನು ನಾನು ನೋಡಿದೆ. ಬೇಕು ಅಂದಿದ್ದರೆ ನಾನು ಬೈಯುತ್ತಿರಲಿಲ್ಲ. ಅವನೇ ಎದ್ದು, "ಪುಕ್ಕಟೆ ಕೊಡೋಕಾಗತ್ತೆ ಅಂದ್ರೆ ಕಡಿಮೆಗೆ ಕೊಡೋಕೂ ಆಗತ್ತೆ ಅಂತಾಯ್ತಲ್ಲ ಸಾರ್. ಇದನ್ನೇ ಬಂದು ಅಲ್ಲಿ ಹೇಳಿ" ಅಂದ. ಶರ್ಟಿನವನು ಟೀ ಬಿಟ್ಟು ಹೋದ. ಅಷ್ಟು ಚಂದದ ಮಾತು ನನ್ನ ಇಡೀ ಜೀವಮಾನದ ಭಾಷಣಗಳಲ್ಲಿ ಒಂದೂ ಇಲ್ಲ ಎಂದು ಹೊಟ್ಟೆಕಿಚ್ಚಾಯಿತು.

ಕೇಳುವುದು ಇಷ್ಟು: ಉಳಿದ ಹದಿನೇಳೂ ಔಷಧ ಪಟ್ಟಿಗೆ ಬರಬೇಕು. ಹಳದಿಗೂ ನೀಲಿಗೂ ಒಂದೇ ಬೆಲೆ ಇರಬೇಕು. ಅರ್ಜಿ ಬಂದರೆ ಮೂವತ್ತು ದಿನದೊಳಗೆ ಒಡೆದು, ಓದಿ, ಉತ್ತರ ಕೊಡಬೇಕು. ಸಾಕ್ಷಿ ಹೇಳಿದ ಕೆಲಸಗಾರರ ಮೈ ಮುಟ್ಟಬಾರದು, ವರ್ಗ ಮಾಡಬಾರದು. ಈ ಕೊನೆಯದನ್ನು ಪಟ್ಟಿಯ ತಲೆಗೆ ಹಾಕಬೇಕು ಎಂದು ಹಟ ಹಿಡಿದವರು ಟಪಾಲಣ್ಣ.

ಮೊದಲು ಮಾತಾಡುವವಳು ನೀನು. ಪರಿಚಯ ಮಾಡಿಕೊಡುವವಳು ನಾನು. ಹನ್ನೊಂದು ವರ್ಷ ಮಾತ್ರೆ ತಪಾಸಣೆ ಮಾಡಿದ ಕೆಲಸಗಾರ್ತಿ ಎಂದು ಮೊದಲು ಹೇಳುತ್ತೇನೆ. ಆಮೇಲೆ ಒಂದು ಉಸಿರು ತೆಗೆದುಕೊಂಡು, ನನ್ನ ಸೊಸೆ ಎಂದು ಹೇಳುತ್ತೇನೆ. ಬೇಡ ಅನ್ನಿಸಿದರೆ ಈಗಲೇ ಬರೆ, ಎರಡನೆಯದನ್ನು ನುಂಗಿಕೊಳ್ಳುತ್ತೇನೆ.

ನಿನ್ನ ಜೊತೆಯ ಮೂವರಿಗೂ ನನ್ನ ಮನೆಯಲ್ಲೇ ಹಾಸಿಗೆ. ಹಿಂದಿನ ದಿನ ಸಂಜೆಯ ಬಸ್ಸಿಗೇ ಬಂದುಬಿಡಿ, ಟಪಾಲಣ್ಣ ನಿಲ್ದಾಣದಲ್ಲಿರುತ್ತಾರೆ. ವಿಚಾರಣೆ ಈ ಸಲ ನೆಲಮಹಡಿಯಲ್ಲೇ, ಕುರ್ಚಿ ನೂರೈವತ್ತು ಹಾಕಿಸುತ್ತಾರಂತೆ. ಸಾಲದಿದ್ದರೆ ಮೆಟ್ಟಿಲಿದೆ.

ಜೂನ್ ಹದಿನಾರು, ಮಂಗಳವಾರ, ಬೆಳಿಗ್ಗೆ ಹತ್ತೂವರೆ.

ನಿನ್ನ ಅತ್ತೆ